ಹರ್ಮನ್ ಮೊಗ್ಲಿಂಗ್

ಹರ್ಮನ್ ಫ್ರೀಡ್ರಿಕ್ ಮೊಗ್ಲಿಂಗ್ (29 ಮೇ 1811 – 10 ಮೇ 1881) ಜರ್ಮನಿಯ ಧರ್ಮಪ್ರಚಾರಕರು, ಕನ್ನಡದ ಮೊದಲ ಪತ್ರಿಕೆಯ ಸಂಪಾದಕರು ಮತ್ತು ಹಳೆಯ ಕನ್ನಡ ಕಾವ್ಯಗಳ ಪ್ರಕಾಶಕರು. ಕೈಬರಹವನ್ನೇ ಕಲ್ಲಚ್ಚಿನಲ್ಲಿ ಮುದ್ರಿಸಿ, ಓಲೆಗರಿ ಹಾಗೂ ಹಸ್ತಪ್ರತಿಗಳಲ್ಲಿದ್ದ ಸಾಹಿತ್ಯವನ್ನು ಪುಸ್ತಕರೂಪಕ್ಕೆ ತಂದವರಲ್ಲಿ ಇವರು ಪ್ರಮುಖರು.

ಜೀವನ

ಮೊಗ್ಲಿಂಗ್ ಅವರು ಜರ್ಮನಿಯ ಬ್ರಾಕನ್‌ಹೈಮ್ ಎಂಬಲ್ಲಿ ಜನಿಸಿದರು. ಟ್ಯೂಬಿಂಗನ್‌ನಲ್ಲಿ ದೇವತಾಶಾಸ್ತ್ರವನ್ನು ಅಭ್ಯಸಿಸಿ, ಬಾಸೆಲ್ ಮಿಷನ್ನಿನ ಪರವಾಗಿ 1836ರಲ್ಲಿ ಮಂಗಳೂರಿಗೆ ಬಂದು ಕನ್ನಡವನ್ನು ಕಲಿತರು.

ಕಲ್ಲಚ್ಚು ಮತ್ತು ಕೈಬರಹ

ಬಾಸೆಲ್ ಮಿಷನ್ ಮುದ್ರಣಾಲಯವು 1841ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನೊಂದಿಗೆ ಆರಂಭವಾಯಿತು. ಕನ್ನಡದ ಗುಣಿತಾಕ್ಷರ ಮತ್ತು ಒತ್ತಕ್ಷರಗಳಿಗೆ ನೂರಾರು ಅಚ್ಚುಮೊಳೆಗಳು ಬೇಕಾಗುತ್ತವೆ. ಅವುಗಳನ್ನು ಎರಕ ಹೊಯ್ಯಿಸುವುದು ವೆಚ್ಚದ ಕೆಲಸ. ಕಲ್ಲಚ್ಚಿನಲ್ಲಿ ಮೊಳೆಗಳ ಅಗತ್ಯವಿಲ್ಲ. ಜಿಡ್ಡಿನ ಮಸಿಯಿಂದ ಬರೆದುದನ್ನು ನಯವಾದ ಸುಣ್ಣಕಲ್ಲಿನ ಮೇಲೆ ಮೂಡಿಸಿ, ಕಲ್ಲನ್ನು ತೇವಗೊಳಿಸಿದಾಗ, ಶಾಯಿಯು ಬರಹದ ಗೆರೆಗಳಿಗೆ ಮಾತ್ರ ಅಂಟುತ್ತದೆ. ಆದ್ದರಿಂದ ಲಿಪಿಕಾರನ ಲೇಖನಿಯ ದಪ್ಪ, ತೆಳು, ಬಾಗುಗಳು ಹಾಗೆಯೇ ಕಾಗದಕ್ಕೆ ಇಳಿಯುತ್ತವೆ. ಒಂದೇ ಅಕ್ಷರವು ಪ್ರತಿ ಬಾರಿಯೂ ತುಸು ಭಿನ್ನವಾಗಿ ಕಾಣುತ್ತದೆ. ಹಸ್ತಪ್ರತಿಯನ್ನು ಓದಿ ರೂಢಿಯಿದ್ದವರಿಗೆ ಈ ಬರಹ ಪರಿಚಿತವಾಗಿತ್ತು. ಆದರೆ ಬರೆದ ಪುಟವನ್ನು ತಿದ್ದುವುದು ಕಷ್ಟ. ಅಂದವೆಲ್ಲ ಲಿಪಿಕಾರನ ಕೈಯನ್ನೇ ಅವಲಂಬಿಸಿರುತ್ತದೆ.

ಮಂಗಳೂರು ಸಮಾಚಾರ

ಮೊಗ್ಲಿಂಗ್ ಅವರ ಸಂಪಾದಕತ್ವದ ‘ಮಂಗಳೂರು ಸಮಾಚಾರ’ ಪಾಕ್ಷಿಕವು 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ಪ್ರಕಟವಾಯಿತು. 1844ರಲ್ಲಿ ಅದರ ಮುದ್ರಣವು ಅಚ್ಚುಮೊಳೆಗಳ ಸೌಲಭ್ಯವಿದ್ದ ಬಳ್ಳಾರಿಗೆ ವರ್ಗವಾಗಿ, ಪತ್ರಿಕೆಯು ‘ಕನ್ನಡ ಸಮಾಚಾರ’ ಎಂಬ ಹೆಸರನ್ನು ಪಡೆಯಿತು. ಅದೇ ವರ್ಷ ಪತ್ರಿಕೆ ನಿಂತುಹೋಯಿತು.

ಬಿಬ್ಲಿಯೋಥಿಕಾ ಕರ್ನಾಟಿಕಾ

ಪತ್ರಿಕೆಯು ಕಲ್ಲಚ್ಚನ್ನು ಬಿಟ್ಟರೂ ಮೊಗ್ಲಿಂಗ್ ಅದನ್ನು ಕಾವ್ಯಪ್ರಕಟಣೆಗೆ ಬಳಸಿಕೊಂಡರು. ಮದರಾಸು ಆಡಳಿತ ಸೇವೆಯಲ್ಲಿದ್ದ ಕಾಸಾಮೇಜರ್ ಅವರ ಧನಸಹಾಯದಿಂದ 1848ರಲ್ಲಿ ಈ ಗ್ರಂಥಮಾಲೆ ಆರಂಭವಾಯಿತು. ಜೈಮಿನಿ ಭಾರತ, ತೊರವೆ ರಾಮಾಯಣ, ಬಸವಪುರಾಣ ಮತ್ತು ದಾಸರ ಪದಗಳು ಇದರಲ್ಲಿ ಬೆಳಕು ಕಂಡವು. ವೈದಿಕ, ವೀರಶೈವ ಮತ್ತು ಹರಿದಾಸ ಪರಂಪರೆಗಳ ಕೃತಿಗಳನ್ನು ಕ್ರೈಸ್ತ ಧರ್ಮಪ್ರಚಾರಕರೊಬ್ಬರು ಪ್ರಕಟಿಸಿದ್ದು ಈ ಮಾಲೆಯ ವೈಶಿಷ್ಟ್ಯ. ಪ್ರತಿ ಮಾಡುವವರಿಲ್ಲದೆ ನಶಿಸಬಹುದಾಗಿದ್ದ ಪಠ್ಯಗಳಿಗೆ ಇದರಿಂದ ಅನೇಕ ಪ್ರತಿಗಳು ದೊರೆತವು. 1850ರ ದಶಕದಲ್ಲಿ ಮಂಗಳೂರಿನ ಮುದ್ರಣಾಲಯದಲ್ಲಿಯೂ ಲೋಹದ ಅಚ್ಚುಮೊಳೆಗಳು ಬಳಕೆಗೆ ಬಂದವು.

ಕೊನೆಯ ವರ್ಷಗಳು

1853ರಿಂದ ಮೊಗ್ಲಿಂಗ್ ಕೊಡಗಿನಲ್ಲಿ ನೆಲೆಸಿದರು. ಆ ನಾಡಿನ ಕುರಿತು ಅವರು ಬರೆದ ‘ಕೂರ್ಗ್ ಮೆಮೋಯರ್ಸ್’ 1855ರಲ್ಲಿ ಪ್ರಕಟವಾಯಿತು. ಕನ್ನಡ ಸೇವೆಗಾಗಿ ಟ್ಯೂಬಿಂಗನ್ ವಿಶ್ವವಿದ್ಯಾಲಯವು 1858ರಲ್ಲಿ ಗೌರವ ಡಾಕ್ಟರೇಟ್ ನೀಡಿತು. 1860ರಲ್ಲಿ ಸ್ವದೇಶಕ್ಕೆ ಮರಳಿದ ಬಳಿಕವೂ ಕನ್ನಡ ಕಾವ್ಯವನ್ನು ಜರ್ಮನ್ ಓದುಗರಿಗೆ ಪರಿಚಯಿಸುತ್ತಿದ್ದರು. ಎಸ್ಲಿಂಗನ್‌ನಲ್ಲಿ ನಿಧನರಾದರು.

‘ಮಂಗಳೂರು ಸಮಾಚಾರ’ ಹೊರಬಂದ ಜುಲೈ 1ನ್ನು ಕರ್ನಾಟಕದಲ್ಲಿ ಪತ್ರಿಕಾ ದಿನವಾಗಿ ಆಚರಿಸಲಾಗುತ್ತದೆ.