ತೆನೆಯ ಚುಕ್ಕೆಗಳನ್ನು ಓದಿದ ವಿಜ್ಞಾನಿ

ಮುಸುಕಿನ ಜೋಳದ ಕೆಲವು ತಳಿಗಳಲ್ಲಿ ಕಾಳುಗಳ ಮೇಲೆ ಬಣ್ಣದ ಚುಕ್ಕೆಗಳಿರುತ್ತವೆ. ಇತರರು ನೋಡಿ ಮರೆಯುವ ಈ ಚುಕ್ಕೆಗಳಲ್ಲಿ ಜೀವಲೋಕದ ಒಂದು ರಹಸ್ಯವನ್ನು ಕಂಡವರು ಬಾರ್ಬರಾ ಮೆಕ್ಲಿಂಟಾಕ್.

ಬಾರ್ಬರಾ ಅವರು 1902ರ ಜೂನ್ 16ರಂದು ಅಮೆರಿಕದ ಹಾರ್ಟ್‌ಫರ್ಡ್ ನಗರದಲ್ಲಿ ಜನಿಸಿದರು. ಹೆಚ್ಚು ಓದಿದ ಹೆಣ್ಣಿಗೆ ಮದುವೆಯಾಗುವುದು ಕಷ್ಟವೆಂದು ತಾಯಿ ಅಂಜಿದರು. ವೈದ್ಯರಾಗಿದ್ದ ತಂದೆ ಮಗಳ ಪರ ನಿಂತರು. ಬಾರ್ಬರಾ ಕಾರ್ನೆಲ್ ವಿಶ್ವವಿದ್ಯಾಲಯವನ್ನು ಸೇರಿ, 1927ರಲ್ಲಿ ಸಸ್ಯಶಾಸ್ತ್ರದಲ್ಲಿ ಡಾಕ್ಟರೇಟ್ ಪದವಿ ಪಡೆದರು.

1940ರ ದಶಕದ ಆರಂಭದಲ್ಲಿ ಅವರು ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಸಂಶೋಧನಾ ಕೇಂದ್ರಕ್ಕೆ ಬಂದರು. ಅಲ್ಲಿ ತಾವೇ ಜೋಳ ಬಿತ್ತಿ, ಗಿಡಗಳನ್ನು ಸಾಕಿ, ಪರಾಗಸ್ಪರ್ಶ ಮಾಡಿಸಿ, ಒಂದೊಂದು ತೆನೆಯನ್ನೂ ಪರೀಕ್ಷಿಸುತ್ತಿದ್ದರು. ವಂಶವಾಹಿಗಳು ದಾರದಲ್ಲಿ ಪೋಣಿಸಿದ ಮಣಿಗಳಂತೆ ತಮ್ಮ ಸ್ಥಾನ ಬಿಟ್ಟು ಕದಲವೆಂದು ಆಗ ವಿಜ್ಞಾನಿಗಳು ನಂಬಿದ್ದರು. ಆದರೆ ಕೆಲವು ಘಟಕಗಳು ವರ್ಣತಂತುವಿನಲ್ಲಿ ಸ್ಥಳ ಬದಲಾಯಿಸುವುದನ್ನು ಬಾರ್ಬರಾ ಕಂಡರು. ಅಂತಹ ಘಟಕವು ಬಣ್ಣದ ವಂಶವಾಹಿಯೊಳಗೆ ಸೇರಿದರೆ ಬಣ್ಣ ಉಂಟಾಗದು. ಕಾಳು ಬೆಳೆಯುವಾಗ ಕೆಲವು ಕೋಶಗಳಲ್ಲಿ ಅದು ಹೊರಬಿದ್ದರೆ ಅಷ್ಟು ಭಾಗದಲ್ಲಿ ಬಣ್ಣ ಮರಳುತ್ತದೆ. ಚುಕ್ಕೆಗಳ ಗುಟ್ಟು ಇದೇ. ವಂಶವಾಹಿಗಳ ಕಾರ್ಯವನ್ನು ತಡೆಯಲೂ ನಡೆಸಲೂ ಬಲ್ಲ ಇವುಗಳನ್ನು ಅವರು ನಿಯಂತ್ರಕ ಘಟಕಗಳೆಂದು ಕರೆದರು.

1951ರಲ್ಲಿ ಅವರು ಈ ವಿಚಾರವನ್ನು ವಿದ್ವಾಂಸರ ಸಭೆಯ ಮುಂದಿಟ್ಟರು. ಹಲವರಿಗೆ ಅದು ಅರ್ಥವಾಗಲಿಲ್ಲ; ಕೆಲವರು ಸಂಶಯಪಟ್ಟರು. 1953ರ ನಂತರ ಬಾರ್ಬರಾ ಈ ಕುರಿತು ಪತ್ರಿಕೆಗಳಲ್ಲಿ ಬರೆಯುವುದನ್ನು ಬಹುಮಟ್ಟಿಗೆ ಬಿಟ್ಟರು, ಸಂಶೋಧನೆಯನ್ನು ಬಿಡಲಿಲ್ಲ. ಮುಂದೆ ಬ್ಯಾಕ್ಟೀರಿಯಗಳಲ್ಲಿಯೂ ಇಂತಹ ಚಲಿಸುವ ಘಟಕಗಳು ಕಂಡುಬಂದಾಗ ಲೋಕದ ಕಣ್ಣು ತೆರೆಯಿತು. 1983ರಲ್ಲಿ, 81ರ ವಯಸ್ಸಿನಲ್ಲಿ, ವೈದ್ಯಕೀಯ ವಿಭಾಗದ ನೊಬೆಲ್ ಪ್ರಶಸ್ತಿಯು ಅವರೊಬ್ಬರಿಗೇ ಸಂದಿತು. 1992ರ ಸೆಪ್ಟೆಂಬರ್ 2ರಂದು ಅವರು ನಿಧನರಾದರು.

ಅವರ ಶೋಧದ ಫಲ ಮುಂದೆಯೂ ಬೆಳೆಯಿತು. ಜೋಳದ ಪೂರ್ವಜವಾದ ಟಿಯೊಸಿಂಟೆ ಎಂಬ ಕಾಡುಹುಲ್ಲಿಗೆ ಕವಲುಗಳು ಅನೇಕ. ಕವಲೊಡೆಯುವುದನ್ನು ತಡೆಯುವ ವಂಶವಾಹಿಯ ಸಮೀಪದಲ್ಲಿ ಇಂತಹ ಘಟಕವೊಂದು ಎಂದೋ ಸೇರಿ, ಅದರ ಕಾರ್ಯವನ್ನು ಹೆಚ್ಚಿಸಿದುದೇ ಜೋಳಕ್ಕೆ ಒಂಟಿ ದಂಟು ಬರಲು ಒಂದು ಮುಖ್ಯ ಕಾರಣವೆಂದು 2011ರಲ್ಲಿ ತಿಳಿದುಬಂದಿತು. ಬರವನ್ನು ತಾಳುವ ಶಕ್ತಿಗೆ ನೆರವಾಗುವ ವಂಶವಾಹಿಯೊಂದನ್ನು ಇನ್ನೊಂದು ಘಟಕ ಕುಗ್ಗಿಸುತ್ತದೆಂದು 2015ರಲ್ಲಿ ಗೊತ್ತಾಯಿತು. ಅದಿಲ್ಲದ ತಳಿಗಳನ್ನು ಆರಿಸಿಕೊಂಡರೆ ಬರ ತಾಳುವ ಬೆಳೆಯನ್ನು ರೂಪಿಸಲು ಸಹಾಯವಾದೀತು.

ಸಭೆ ಒಪ್ಪಲಿಲ್ಲವೆಂದು ಬಾರ್ಬರಾ ತಾವು ಕಂಡುದನ್ನು ಅಲ್ಲಗಳೆಯಲಿಲ್ಲ; ತಮ್ಮ ಹೊಲಕ್ಕೆ ಮರಳಿ ಮತ್ತೆ ಬಿತ್ತಿದರು.