ಬಂಗುಡೆಗೆ ಹೆಸರಿಟ್ಟ ಜಾರ್ಜ್ ಕ್ಯುವಿಯೆ

ಮೈಸೂರಿನ ವಿಜಯನಗರದಲ್ಲಿ ನೆಲೆಸಿರುವ ನಮ್ಮಂಥ ಕರಾವಳಿಯವರಿಗೆ ಬಂಗುಡೆ ಸಾರಿಲ್ಲದೆ ಭಾನುವಾರವಿಲ್ಲ. ಆ ಮೀನಿಗೆ 1816ರಲ್ಲಿ ವೈಜ್ಞಾನಿಕ ಹೆಸರು ಕೊಟ್ಟವರು ಫ್ರಾನ್ಸಿನ ಪ್ರಾಣಿಶಾಸ್ತ್ರಜ್ಞ ಜಾರ್ಜ್ ಕ್ಯುವಿಯೆ. ಕನಗುರ್ತ ಎಂಬ ಆ ಹೆಸರು ಮಾತ್ರ ತೆಲುಗಿನದು. ವಿಶಾಖಪಟ್ಟಣದ ಮೀನುಗಳ ಕುರಿತು ಪ್ಯಾಟ್ರಿಕ್ ರಸೆಲ್ 1803ರಲ್ಲಿ ಹೊರತಂದ ಪುಸ್ತಕದಿಂದ ಬಂದದ್ದು.

ಕ್ಯುವಿಯೆ 1769ರಲ್ಲಿ ಮೊಂಬೆಲ್ಯಾರಿನಲ್ಲಿ ಜನಿಸಿದರು. ನಾರ್ಮಂಡಿಯಲ್ಲಿ ಮನೆಪಾಠ ಹೇಳುತ್ತಿದ್ದಾಗ ಕಡಲ ಜೀವಿಗಳನ್ನು ಕೊಯ್ದು ನೋಡಿ ಕಲಿತರು. 1795ರಲ್ಲಿ ಪ್ಯಾರಿಸ್ ಸೇರಿದರು. ಮರುವರ್ಷವೇ, ನಮ್ಮ ದಸರಾ ಆನೆಯ ಜಾತಿಯೂ ಆಫ್ರಿಕದ ಆನೆಯ ಜಾತಿಯೂ ಬೇರೆ ಬೇರೆ, ಮ್ಯಾಮತ್ ಇವೆರಡೂ ಅಲ್ಲ, ಅದು ಅಳಿದೇಹೋಗಿದೆ ಎಂದು ಮೂಳೆ, ಹಲ್ಲುಗಳಿಂದ ತೋರಿಸಿದರು. ದೇವರ ಸೃಷ್ಟಿಯಲ್ಲಿ ಯಾವ ಜೀವಿಯೂ ಅಳಿಯದೆಂದು ನಂಬಿದ್ದ ಅನೇಕರಿಗೆ ಇದು ಆಘಾತ.

ಇಂಥವರೂ ಎಡವಿದರು. ದಕ್ಷಿಣ ಆಫ್ರಿಕದ ಸಾರಾ ಬಾರ್ಟ್‌ಮನ್ 1815ರಲ್ಲಿ ಪ್ಯಾರಿಸಿನಲ್ಲಿ ತೀರಿಕೊಂಡಾಗ ಆಕೆಯ ದೇಹವನ್ನು ಕೊಯ್ದು, ಆಕೆಯನ್ನು ಮಂಗಗಳಿಗೆ ಹೋಲಿಸಿ ಬರೆದರು. ಅವಶೇಷಗಳು ತಾಯ್ನಾಡಿನ ಮಣ್ಣು ಸೇರಿದ್ದು 2002ರಲ್ಲಿ. ಇದನ್ನು ಮುಚ್ಚಿಡಲು ನಮಗೆ ಮನಸ್ಸಿಲ್ಲ.

ಕ್ಯುವಿಯೆ 1832ರಲ್ಲಿ ನಿಧನರಾದರು. 1828ರಲ್ಲಿ ಹೊರಬರತೊಡಗಿದ್ದ ಅವರ ಮೀನುಗಳ ಮಹಾಗ್ರಂಥವನ್ನು ಜೊತೆಗಾರ ವಾಲೆನ್ಸಿಯೆನ್ 1849ರ ವೇಳೆಗೆ 22 ಸಂಪುಟಗಳವರೆಗೆ ಒಯ್ದರು. ನಮ್ಮ ಬೂತಾಯಿಗೆ 1847ರಲ್ಲಿ ಹೆಸರು ಸಿಕ್ಕಿದ್ದು ಅದರಲ್ಲೇ.