ಹೋಸೆ ರಿಸಾಲ್: ಪ್ರಶ್ನಿಸಲು ಕಲಿಸಿದರು, ಪೂಜೆಗೆ ಒಳಗಾದರು

ಮನಿಲಾ ಕೊಲ್ಲಿಯ ದಂಡೆಯಲ್ಲಿರುವ ಲುನೆಟಾ ಮೈದಾನಕ್ಕೆ ಫಿಲಿಪ್ಪೀನ್ಸ್ ದೇಶದ ಸಾರ್ವಜನಿಕ ಬದುಕಿನಲ್ಲಿ ವಿಶೇಷವಾದ ಸ್ಥಾನವಿದೆ. 1946ರ ಜುಲೈ 4ರಂದು ಅಮೆರಿಕದ ಆಳ್ವಿಕೆ ಕೊನೆಗೊಂಡು ಸ್ವತಂತ್ರ ಗಣರಾಜ್ಯದ ಧ್ವಜ ಏರಿದ್ದು ಇಲ್ಲಿಯೇ. 1986ರ ಫೆಬ್ರುವರಿ 16ರಂದು ಕೊರಾಜೋನ್ ಅಕ್ವಿನೊ ಅವರು ಫರ್ಡಿನಾಂಡ್ ಮಾರ್ಕೋಸ್ ಸರ್ವಾಧಿಕಾರದ ವಿರುದ್ಧ ಅಸಹಕಾರಕ್ಕೆ ಕರೆ ನೀಡಿದ್ದೂ ಇಲ್ಲಿಯೇ. 2015ರ ಜನವರಿ 18ರಂದು ಪೋಪ್ ಫ್ರಾನ್ಸಿಸ್ ಅವರು ಅರ್ಪಿಸಿದ ಬಲಿಪೂಜೆಗೆ ಅಧಿಕಾರಿಗಳ ಅಂದಾಜಿನಂತೆ 60 ಲಕ್ಷ ಜನ ಮಳೆಯಲ್ಲೇ ನೆರೆದಿದ್ದರು. 2025ರ ಜನವರಿ 13ರಂದು ಇಗ್ಲೇಸಿಯಾ ನಿ ಕ್ರಿಸ್ತೋ ಎಂಬ ದೇಶೀಯ ಕ್ರೈಸ್ತ ಪಂಥದ ಲಕ್ಷಾಂತರ ಅನುಯಾಯಿಗಳು, ಉಪಾಧ್ಯಕ್ಷೆ ಸಾರಾ ಡುಟರ್ಟೆ ಅವರ ವಿರುದ್ಧ ವಾಗ್ದಂಡನೆ ಬೇಡವೆಂಬ ನಿಲುವಿಗೆ ಬೆಂಬಲ ತೋರಲು ಇಲ್ಲಿ ಸೇರಿದರು. ಈ ಮೈದಾನದಲ್ಲಿ ರಾಜಕೀಯ ಸಭೆ ಎಲ್ಲಿ ಮುಗಿಯುತ್ತದೆ, ಧಾರ್ಮಿಕ ಸಮಾವೇಶ ಎಲ್ಲಿ ಆರಂಭವಾಗುತ್ತದೆ ಎಂದು ಗೆರೆ ಎಳೆಯುವುದು ಸುಲಭವಲ್ಲ.

ಇಷ್ಟೂ ಜನಸಾಗರಕ್ಕೆ ಸಾಕ್ಷಿಯಾಗಿ ಅಲ್ಲೊಂದು ಕಂಚಿನ ಪ್ರತಿಮೆ ನಿಂತಿದೆ. ಅದು ಡಾ. ಹೋಸೆ ರಿಸಾಲ್ ಅವರದು. ಫಿಲಿಪ್ಪೀನ್ಸ್‌ನ ರಾಷ್ಟ್ರವೀರ ಎಂದು ಮಾನ್ಯರಾದ ಅವರನ್ನು ಗುಂಡಿಕ್ಕಿ ಕೊಂದದ್ದು ಇದೇ ನೆಲದಲ್ಲಿ. ಅವರ ಅಸ್ಥಿಗಳಿರುವುದು ಅದೇ ಪ್ರತಿಮೆಯ ಅಡಿಯಲ್ಲಿ. ಗುಂಪಿನ ಕೂಗಿಗಿಂತ ಒಬ್ಬ ಮನುಷ್ಯನ ವಿವೇಚನೆ ದೊಡ್ಡದೆಂದು ನಂಬಿ ಬದುಕಿದ ವ್ಯಕ್ತಿಯ ಸಮಾಧಿಯೇ ದೇಶದ ಅತಿದೊಡ್ಡ ಗುಂಪುಗಳು ಸೇರುವ ತಾಣವಾದದ್ದು ಇತಿಹಾಸದ ವೈಚಿತ್ರ್ಯಗಳಲ್ಲೊಂದು.

ಗೇಣಿ ಭೂಮಿಯ ಮಗ

ರಿಸಾಲ್ ಜನಿಸಿದ್ದು 1861ರ ಜೂನ್ 19ರಂದು, ಲಗುನಾ ಪ್ರಾಂತ್ಯದ ಕಲಾಂಬಾ ಊರಿನಲ್ಲಿ. ಹನ್ನೊಂದು ಮಕ್ಕಳಲ್ಲಿ ಅವರು ಏಳನೆಯವರು. ತಂದೆ ಫ್ರಾನ್ಸಿಸ್ಕೊ ಮೆರ್ಕಾಡೊ, ತಾಯಿ ತಿಯೊಡೋರಾ ಅಲೋನ್ಸೊ. ಕುಟುಂಬ ಅನುಕೂಲಸ್ಥವಾಗಿದ್ದರೂ ಉಳುತ್ತಿದ್ದ ನೆಲ ಸ್ವಂತದ್ದಲ್ಲ. ಕಲಾಂಬಾದ ಜಮೀನಿನ ಒಡೆತನ ಡೊಮಿನಿಕನ್ ಸನ್ಯಾಸಿ ಸಂಘದ್ದು. ಊರಿನವರೆಲ್ಲ ಅದರ ಗೇಣಿದಾರರು. ಅಂದಿನ ಫಿಲಿಪ್ಪೀನ್ಸ್‌ನಲ್ಲಿ ಸ್ಪೇನಿನ ಪಾದ್ರಿಯೆಂದರೆ ಕೇವಲ ಧರ್ಮಗುರುವಲ್ಲ. ಶಾಲೆಯ ಮೇಲ್ವಿಚಾರಕನೂ ಅವನೇ, ಊರಿನ ಆಡಳಿತದ ಮೇಲೆ ಕಣ್ಣಿಡುವವನೂ ಅವನೇ, ಅನೇಕ ಕಡೆ ಭೂಮಾಲೀಕನೂ ಅವನೇ ಆಗಿದ್ದನು.

ಬಾಲಕ ರಿಸಾಲ್ ಅನ್ಯಾಯದ ಮೊದಲ ಪಾಠವನ್ನು ಮನೆಯಲ್ಲೇ ಕಲಿತರು. ಸಂಬಂಧಿಯೊಬ್ಬಳಿಗೆ ವಿಷವಿಕ್ಕುವ ಸಂಚಿನಲ್ಲಿ ಭಾಗಿಯೆಂಬ ಸುಳ್ಳು ಆರೋಪದ ಮೇಲೆ ಅವರ ತಾಯಿಯನ್ನು ಬಂಧಿಸಿ, ಪ್ರಾಂತ್ಯದ ಮುಖ್ಯ ಪಟ್ಟಣವಾದ ಸಾಂತಾ ಕ್ರೂಸ್‌ವರೆಗೆ ಕಾಲ್ನಡಿಗೆಯಲ್ಲೇ ಕರೆದೊಯ್ಯಲಾಯಿತು. ಎರಡೂವರೆ ವರ್ಷಗಳ ಸೆರೆವಾಸದ ನಂತರವಷ್ಟೇ ಅವರಿಗೆ ಬಿಡುಗಡೆ. ಈ ನಡುವೆ 1872ರ ಫೆಬ್ರುವರಿ 17ರಂದು ಗೋಮೆಸ್, ಬುರ್ಗೋಸ್ ಮತ್ತು ಸಮೋರಾ ಎಂಬ ಮೂವರು ದೇಶೀಯ ಪಾದ್ರಿಗಳನ್ನು ಬಂಡಾಯದ ಆರೋಪ ಹೊರಿಸಿ, ಇಂದಿನ ಲುನೆಟಾದಲ್ಲಿ, ಅಂದರೆ ಅಂದಿನ ಬಗುಂಬಾಯನ್ ಬಯಲಿನಲ್ಲಿ, ಕತ್ತು ಬಿಗಿದು ಕೊಲ್ಲಲಾಯಿತು. ಅಣ್ಣ ಪಸಿಯಾನೊ ಫಾದರ್ ಬುರ್ಗೋಸ್ ಅವರ ಶಿಷ್ಯ. ಮೆರ್ಕಾಡೊ ಎಂಬ ಹೆಸರು ಆಳುವವರ ಕಣ್ಣಿಗೆ ಬಿದ್ದಿದ್ದರಿಂದ ತಮ್ಮನನ್ನು ಶಾಲೆಗೆ ಸೇರಿಸುವಾಗ ರಿಸಾಲ್ ಎಂಬ ಹೆಸರನ್ನು ಬಳಸಲಾಯಿತು. ಮುಂದೆ ಆ ಹೆಸರೇ ಉಳಿಯಿತು.

ಜೆಸ್ಯೂಟರ ಅಟೆನಿಯೊ ಶಾಲೆಯಲ್ಲಿ ಪ್ರಶಸ್ತಿಗಳನ್ನು ಗಳಿಸಿ, ಸಾಂತೊ ತೋಮಾಸ್ ವಿಶ್ವವಿದ್ಯಾಲಯದಲ್ಲಿ ವೈದ್ಯಶಾಸ್ತ್ರ ಓದುತ್ತಿದ್ದ ರಿಸಾಲ್, 1882ರಲ್ಲಿ ಹೆತ್ತವರಿಗೂ ತಿಳಿಸದೆ, ಅಣ್ಣನ ನೆರವಿನಿಂದ ಸ್ಪೇನಿಗೆ ಹಡಗು ಹತ್ತಿದರು. ಮ್ಯಾಡ್ರಿಡ್‌ನಲ್ಲಿ ವೈದ್ಯಶಾಸ್ತ್ರದ ಜೊತೆಗೆ ತತ್ವಶಾಸ್ತ್ರ ಮತ್ತು ಸಾಹಿತ್ಯವನ್ನೂ ಅಭ್ಯಸಿಸಿದರು. ತಾಯಿಯ ದೃಷ್ಟಿ ಮಂದವಾಗುತ್ತಿದ್ದುದರಿಂದ ಪ್ಯಾರಿಸ್ ಮತ್ತು ಹೈಡೆಲ್‌ಬರ್ಗ್ ನಗರಗಳಲ್ಲಿ ನೇತ್ರ ಚಿಕಿತ್ಸೆಯಲ್ಲಿ ಪರಿಣತಿ ಪಡೆದರು. ಮುಂದೆ ತಾಯಿಯ ಕಣ್ಣಿಗೆ ತಾವೇ ಶಸ್ತ್ರಚಿಕಿತ್ಸೆ ಮಾಡಿದರು.

ಎರಡು ಕಾದಂಬರಿಗಳು

ಗೆಳೆಯ ಮ್ಯಾಕ್ಸಿಮೊ ವಿಯೋಲಾ ಕೊಟ್ಟ ಸಾಲದ ಹಣದಿಂದ 1887ರಲ್ಲಿ ಬರ್ಲಿನ್ ನಗರದಲ್ಲಿ 'ನೋಲಿ ಮೆ ತಾಂಗೆರೆ' ಕಾದಂಬರಿ ಅಚ್ಚಾಯಿತು. ಮುದ್ರಿಸಿದ್ದು 2000 ಪ್ರತಿಗಳು ಮಾತ್ರ. ದರ್ಪದ ಪಾದ್ರಿಗಳು, ಮಕ್ಕಳನ್ನು ಕಳೆದುಕೊಂಡು ಹುಚ್ಚಿಯಾದ ಸೀಸಾ, ಪಾಪಪರಿಹಾರದ ದಿನಗಳನ್ನು ಜಮಾ ಖರ್ಚಿನಂತೆ ಲೆಕ್ಕ ಹಾಕುವ ಭಕ್ತೆಯರು, ಹೀಗೆ ಇಡೀ ಸಮಾಜ ಅದರಲ್ಲಿ ಮೈದಾಳಿತು. ಅದರಲ್ಲಿ ತಾಸಿಯೊ ಎಂಬ ವೃದ್ಧನೊಬ್ಬನಿದ್ದಾನೆ. ಸಿಡಿಲು ಬಡಿಯದಿರಲೆಂದು ಊರು ಚರ್ಚಿನ ಗಂಟೆ ಬಾರಿಸುತ್ತಿದ್ದರೆ, ಸಿಡಿಲು ತಡೆಯುವ ಲೋಹದ ಸಲಾಕೆ ನೆಡಬಾರದೇ ಎಂದು ಕೇಳುವವನು ಅವನು. ಓದಿದವರು ಅವನನ್ನು ತತ್ವಜ್ಞಾನಿ ಎನ್ನುತ್ತಾರೆ, ಊರಿನವರು ಹುಚ್ಚನೆನ್ನುತ್ತಾರೆ. ಇಂದಿಗೂ ತಗಲೊಗ್ ಆಡುನುಡಿಯಲ್ಲಿ ಪಿಲೊಸೊಪೊ ಎಂಬ ಪದಕ್ಕೆ ಕುತರ್ಕಿ, ಎದುರುತ್ತರ ಕೊಡುವವನು ಎಂಬ ಹೀನಾರ್ಥವಿದೆ. ಪ್ರಶ್ನಿಸುವವರನ್ನು ಸಮಾಜ ಹೇಗೆ ಕಾಣುತ್ತದೆಂಬುದಕ್ಕೆ ಬೇರೆ ನಿದರ್ಶನ ಬೇಡ.

1891ರಲ್ಲಿ ಬೆಲ್ಜಿಯಂ ದೇಶದ ಗೆಂಟ್ ನಗರದಲ್ಲಿ ಪ್ರಕಟವಾದ ಎರಡನೆಯ ಕಾದಂಬರಿ 'ಎಲ್ ಫಿಲಿಬುಸ್ತೆರಿಸ್ಮೊ'ದಲ್ಲಿ ಭೌತಶಾಸ್ತ್ರದ ತರಗತಿಯೊಂದರ ಚಿತ್ರಣವಿದೆ. ಪ್ರಯೋಗದ ಉಪಕರಣಗಳು ಗಾಜಿನ ಕಪಾಟಿನಲ್ಲಿ ಭದ್ರವಾಗಿವೆ. ವಿದ್ಯಾರ್ಥಿಗಳು ಅವನ್ನು ಮುಟ್ಟುವಂತಿಲ್ಲ. ಪುಸ್ತಕದ ಸಾಲುಗಳನ್ನು ಗಿಳಿಪಾಠ ಒಪ್ಪಿಸಿದರೆ ಸಾಕು. ಸ್ವಾಭಿಮಾನಿ ವಿದ್ಯಾರ್ಥಿಯೊಬ್ಬ ಅವಮಾನ ತಾಳದೆ ಅಲ್ಲಿಂದ ಎದ್ದು ಹೊರನಡೆಯುತ್ತಾನೆ. ದಾಸ್ಯವು ಬಂದೂಕಿನಿಂದ ಮಾತ್ರವಲ್ಲ, ಕಪಾಟಿನ ಬೀಗದಿಂದಲೂ ಉಳಿಯುತ್ತದೆ ಎಂಬುದು ರಿಸಾಲ್ ಕಂಡುಕೊಂಡ ಸತ್ಯ.

ಅವರ ಚಿಂತನೆ ಅತ್ಯಂತ ನೇರವಾಗಿ ವ್ಯಕ್ತವಾದದ್ದು ಮಾಲೋಲೋಸ್ ಊರಿನ ಯುವತಿಯರಿಗೆ ಬರೆದ ಪತ್ರದಲ್ಲಿ. 1888ರ ಡಿಸೆಂಬರ್‌ನಲ್ಲಿ ಆ ಊರಿನ 20 ಮಂದಿ ಯುವತಿಯರು ಸ್ಪ್ಯಾನಿಷ್ ಕಲಿಯಲು ರಾತ್ರಿ ಶಾಲೆ ಬೇಕೆಂದು ಗವರ್ನರ್ ಜನರಲ್ ವೇಲರ್ ಅವರಿಗೆ ಮನವಿ ಸಲ್ಲಿಸಿದರು. ಸ್ಥಳೀಯ ಪಾದ್ರಿಯ ವಿರೋಧವನ್ನೂ ಲೆಕ್ಕಿಸಲಿಲ್ಲ. ಲಂಡನ್‌ನಲ್ಲಿದ್ದ ರಿಸಾಲ್ ಅವರನ್ನು ಅಭಿನಂದಿಸಿ ತಗಲೊಗ್ ಭಾಷೆಯಲ್ಲೇ ದೀರ್ಘ ಪತ್ರ ಬರೆದರು. ಉದ್ದನೆಯ ಪ್ರಾರ್ಥನೆ, ಜಪಮಾಲೆ, ಪಾದ್ರಿಯ ಕೈಗೆ ಮುತ್ತಿಡುವುದು ಇವೇ ಭಕ್ತಿಯಲ್ಲ. ದೇವರು ಪ್ರತಿಯೊಬ್ಬರಿಗೂ ಬುದ್ಧಿ ಕೊಟ್ಟಿರುವುದು ಅದನ್ನು ಬಳಸಲೆಂದೇ. ತಾಯಿ ತಲೆತಗ್ಗಿಸಿ ಬಾಳಿದರೆ ಮಕ್ಕಳೂ ಗುಲಾಮರಾಗುತ್ತಾರೆ ಎಂಬುದು ಅದರ ಸಾರಾಂಶ. ಇಲ್ಲಿ ಗಮನಿಸಬೇಕಾದ ಅಂಶವೆಂದರೆ ರಿಸಾಲ್ ನಾಸ್ತಿಕರಾಗಿರಲಿಲ್ಲ. ದೇವರನ್ನು ನಂಬಿದ್ದರು, ದೇವರ ಹೆಸರಿನಲ್ಲಿ ಬೇರೊಬ್ಬರು ತಮ್ಮ ಪರವಾಗಿ ಯೋಚಿಸುವುದನ್ನು ಮಾತ್ರ ಒಪ್ಪಲಿಲ್ಲ.

ಅನುಮತಿ ಕೇಳದೆ ಬಳಸಿದ ಹೆಸರು

1887ರಲ್ಲಿ ಅವರು ಊರಿಗೆ ಮರಳಿದಾಗಲೇ ವದಂತಿಗಳು ಹುಟ್ಟಿಕೊಂಡಿದ್ದವು. ಯುರೋಪಿನಿಂದ ಬಂದ ಈ ಕಣ್ಣಿನ ವೈದ್ಯರನ್ನು ಕೆಲವರು ಜರ್ಮನಿಯ ಗೂಢಚಾರನೆಂದರು, ಕೆಲವರು ಮಾಂತ್ರಿಕನೆಂದರು. ಈ ಸಂಗತಿಯನ್ನು ರಿಸಾಲ್ ತಮ್ಮ ಆಸ್ಟ್ರಿಯಾದ ಗೆಳೆಯ, ವಿದ್ವಾಂಸ ಬ್ಲುಮೆಂಟ್ರಿಟ್ ಅವರಿಗೆ ಬರೆದು ತಿಳಿಸಿದ್ದರು. ಕಲಾಂಬಾದ ಗೇಣಿದಾರರ ಕುಂದುಕೊರತೆಗಳ ವರದಿ ಸಿದ್ಧಪಡಿಸಿದ್ದೂ ಆಗಲೇ. ಅದರ ಬೆಲೆಯನ್ನು ಇಡೀ ಊರು ತೆತ್ತಿತು. ಮುಂದಿನ ವರ್ಷಗಳಲ್ಲಿ ಅವರ ಕುಟುಂಬವೂ ಸೇರಿದಂತೆ ಅನೇಕ ಕುಟುಂಬಗಳನ್ನು ನೆಲದಿಂದ ಒಕ್ಕಲೆಬ್ಬಿಸಲಾಯಿತು.

1892ರ ಜುಲೈ 3ರಂದು ಮನಿಲಾದಲ್ಲಿ ರಿಸಾಲ್ 'ಲಾ ಲೀಗಾ ಫಿಲಿಪಿನಾ' ಸಂಘವನ್ನು ಸ್ಥಾಪಿಸಿದರು. ಪರಸ್ಪರ ನೆರವು, ಶಿಕ್ಷಣ, ವ್ಯವಸಾಯ ಮತ್ತು ವ್ಯಾಪಾರಕ್ಕೆ ಪ್ರೋತ್ಸಾಹ ಇವು ಅದರ ಧ್ಯೇಯಗಳು. ಮೂರೇ ದಿನಗಳಲ್ಲಿ ಅವರನ್ನು ಬಂಧಿಸಿ, ಮಿಂಡನಾವೊ ದ್ವೀಪದ ದಪಿತಾನ್ ಎಂಬ ದೂರದ ಊರಿಗೆ ಗಡೀಪಾರು ಮಾಡಲಾಯಿತು. ನಾಲ್ಕು ವರ್ಷಗಳ ಆ ವನವಾಸವನ್ನು ರಿಸಾಲ್ ಪ್ರಯೋಗಶಾಲೆಯಾಗಿ ಮಾರ್ಪಡಿಸಿದರು. ಊರಿಗೆ ನೀರಿನ ವ್ಯವಸ್ಥೆ ಕಲ್ಪಿಸಿದರು. ಕಣ್ಣಿನ ರೋಗಿಗಳಿಗೆ ಚಿಕಿತ್ಸೆ ನೀಡಿದರು. ಊರ ಚೌಕದ ನೆಲದ ಮೇಲೆ ಮಿಂಡನಾವೊದ ಉಬ್ಬುನಕ್ಷೆ ನಿರ್ಮಿಸಿದರು. ಹುಡುಗರಿಗಾಗಿ ಶಾಲೆ ತೆರೆದು ಶುಲ್ಕದ ಬದಲು ತೋಟದ ಕೆಲಸ ಪಡೆದರು. ಅಲ್ಲಿ ಸಂಗ್ರಹಿಸಿದ ಹಾರುವ ಹಲ್ಲಿ, ಕಪ್ಪೆ, ದುಂಬಿಗಳ ಮಾದರಿಗಳನ್ನು ಯುರೋಪಿಗೆ ಕಳುಹಿಸಿದಾಗ ಅವುಗಳಿಗೆ ವಿಜ್ಞಾನಿಗಳು ಅವರ ಹೆಸರನ್ನೇ ಇಟ್ಟರು. ಹಳೆಯ ಜೆಸ್ಯೂಟ್ ಗುರು ಪಾಬ್ಲೊ ಪಾಸ್ತೆಲ್ಸ್ ಅವರೊಂದಿಗೆ ಶ್ರದ್ಧೆ ಮತ್ತು ವಿವೇಚನೆಯ ಕುರಿತು ಪತ್ರಗಳಲ್ಲೇ ಸೌಜನ್ಯದ ವಾದ ನಡೆಸಿದ್ದೂ ಇಲ್ಲಿಂದಲೇ.

ಅತ್ತ ಮನಿಲಾದಲ್ಲಿ ಆಂದ್ರೆಸ್ ಬೋನಿಫಾಸಿಯೊ ನೇತೃತ್ವದ ಗುಪ್ತಸಂಘ ಕಟಿಪುನಾನ್ ಬೆಳೆಯುತ್ತಿತ್ತು. ಅದರ ಸಭೆಗಳಲ್ಲಿ ರಿಸಾಲ್ ಅವರ ಭಾವಚಿತ್ರ ತೂಗುತ್ತಿತ್ತು. ಅವರನ್ನು ಗೌರವಾಧ್ಯಕ್ಷರೆಂದು ಘೋಷಿಸಲಾಗಿತ್ತು. ಇದಾವುದಕ್ಕೂ ರಿಸಾಲ್ ಅವರ ಒಪ್ಪಿಗೆ ಇರಲಿಲ್ಲ. 1896ರ ಜೂನ್‌ನಲ್ಲಿ ಸಂಘದ ದೂತ ಪಿಯೊ ವಲೆನ್ಸುವೇಲಾ, ಅಂಧ ರೋಗಿಯೊಬ್ಬನನ್ನು ನೆಪವಾಗಿ ಕರೆತಂದು ದಪಿತಾನ್‌ನಲ್ಲಿ ಅವರನ್ನು ಕಂಡಾಗ, ಆಯುಧ ಮತ್ತು ಸಿದ್ಧತೆಗಳಿಲ್ಲದ ದಂಗೆ ಅಮಾಯಕರ ರಕ್ತ ಹರಿಸುತ್ತದೆಂದು ರಿಸಾಲ್ ಎಚ್ಚರಿಸಿದರು. ಆಗಸ್ಟ್‌ನಲ್ಲಿ ಕ್ರಾಂತಿ ಸಿಡಿಯಿತು. ಕ್ಯೂಬಾದಲ್ಲಿ ಸೇನಾ ವೈದ್ಯರಾಗಿ ಸೇವೆ ಸಲ್ಲಿಸಲು ಹೊರಟಿದ್ದ ರಿಸಾಲ್ ಅವರನ್ನು ದಾರಿಯಲ್ಲೇ ಬಂಧಿಸಿ ಮನಿಲಾಕ್ಕೆ ಮರಳಿ ತರಲಾಯಿತು. ದಂಗೆಯನ್ನು ಖಂಡಿಸಿ ಅವರು ಬರೆದ ಹೇಳಿಕೆಯನ್ನು ಅಧಿಕಾರಿಗಳು ಪ್ರಕಟಿಸಲಿಲ್ಲ. ಶಿಕ್ಷಣದ ಮೂಲಕ ಸ್ವಾತಂತ್ರ್ಯಕ್ಕೆ ಅರ್ಹರಾಗಬೇಕೆಂಬ ಆಶಯ ಅದರಲ್ಲಿಯೂ ಉಳಿದಿತ್ತು. ಸೇನಾ ನ್ಯಾಯಾಲಯ ಡಿಸೆಂಬರ್ 26ರಂದು ಒಂದೇ ದಿನದಲ್ಲಿ ವಿಚಾರಣೆ ಮುಗಿಸಿತು.

1896ರ ಡಿಸೆಂಬರ್ 30ರ ಬೆಳಿಗ್ಗೆ ಬಗುಂಬಾಯನ್ ಬಯಲಿನಲ್ಲಿ ಜನ ಕಿಕ್ಕಿರಿದಿದ್ದರು. ಗುಂಡು ಹಾರಿಸಲು ನಿಂತವರು ದೇಶೀಯ ಸೈನಿಕರು. ಅವರು ಹಿಂಜರಿದರೆ ಗುಂಡಿಕ್ಕಲು ಹಿಂದೆ ಸ್ಪೇನಿನ ಸೈನಿಕರು. ದ್ರೋಹಿಯಂತೆ ಬೆನ್ನಿಗೆ ಗುಂಡು ಬೀಳಬೇಕೆಂಬುದು ಆಜ್ಞೆ. ಕೊನೆಯ ಕ್ಷಣದಲ್ಲಿ ದೇಹವನ್ನು ಹೊರಳಿಸಿದ ರಿಸಾಲ್ ಆಕಾಶಕ್ಕೆ ಮುಖಮಾಡಿ ಬಿದ್ದರು. ಆಗ ಅವರಿಗೆ 35 ವರ್ಷ. ಸ್ಪೇನಿನವರು ಜಯಘೋಷ ಮಾಡಿದರು. ಹಿಂದಿನ ರಾತ್ರಿ ಅವರು ತಮ್ಮ ಬರಹಗಳನ್ನು ಹಿಂತೆಗೆದುಕೊಂಡು ಚರ್ಚಿಗೆ ಮರಳಿದರೆಂದು ಪಾದ್ರಿಗಳು ಸಾರಿದರು. ಆ ಪತ್ರವೆನ್ನಲಾದ ದಾಖಲೆ 1935ರಲ್ಲಿ ಬೆಳಕಿಗೆ ಬಂದಿತಾದರೂ ಅದರ ನೈಜತೆಯ ವಿವಾದ ಮುಗಿದಿಲ್ಲ.

ದೇವರಾದ ವೈದ್ಯ

ಸಾವಿನ ನಂತರ ರಿಸಾಲ್ ಹಲವರ ಸ್ವತ್ತಾದರು. ಅಗಿನಾಲ್ಡೊ ಅವರ ಕ್ರಾಂತಿ ಸರ್ಕಾರ 1898ರಲ್ಲಿ ಡಿಸೆಂಬರ್ 30ನ್ನು ಶೋಕದಿನವೆಂದು ಘೋಷಿಸಿತು. ನಂತರ ಬಂದ ಅಮೆರಿಕದ ಆಡಳಿತಕ್ಕೂ, ಖಡ್ಗ ಹಿಡಿಯದ ಸುಧಾರಕನೊಬ್ಬ ರಾಷ್ಟ್ರವೀರನಾಗುವುದು ಅನುಕೂಲಕರವಾಗಿಯೇ ಕಂಡಿತು. 1902ರಲ್ಲಿ ರೋಮ್‌ನಿಂದ ಬೇರ್ಪಟ್ಟ ಫಿಲಿಪ್ಪೀನ್ ಸ್ವತಂತ್ರ ಚರ್ಚು ಮರುವರ್ಷವೇ ಅವರನ್ನು ಸಂತರೆಂದು ಸಾರಿತು. ಬನಹಾವ್ ಪರ್ವತದ ತಪ್ಪಲಿನಲ್ಲಿ ಮತ್ತು ಅವರದೇ ಹುಟ್ಟೂರು ಕಲಾಂಬಾದಲ್ಲಿ ರಿಸಾಲಿಸ್ತಾ ಎಂಬ ಪಂಥಗಳು ಬೇರೂರಿದವು. ರಿಸಾಲ್ ಸತ್ತಿಲ್ಲ, ಮರಳಿ ಬರುತ್ತಾರೆ ಎಂದು ಕೆಲವರು ನಂಬಿದರೆ, ಅವರೇ ಕ್ರಿಸ್ತನ ಅವತಾರವೆಂದು ಮತ್ತೆ ಕೆಲವರು ನಂಬಿದರು.

ಇದನ್ನು ಮೌಢ್ಯವೆಂದು ತಳ್ಳಿಹಾಕುವುದು ಸುಲಭ. ಆದರೆ ಅದೇ ಬನಹಾವ್ ಸೀಮೆಯಲ್ಲಿ ಅಪೊಲಿನಾರಿಯೊ ದೆ ಲಾ ಕ್ರೂಸ್ ಎಂಬ ಯುವಕ, ದೇಶೀಯನೆಂಬ ಕಾರಣಕ್ಕೆ ಸನ್ಯಾಸಿ ಸಂಘದಲ್ಲಿ ಸ್ಥಾನ ಸಿಗದೆ, ತನ್ನವರಿಗಾಗಿ ಭಕ್ತಮಂಡಳಿ ಕಟ್ಟಿದ್ದನು. 1841ರಲ್ಲಿ ಸರ್ಕಾರ ಅದನ್ನು ರಕ್ತದಲ್ಲಿ ಮುಳುಗಿಸಿತು. ಇತಿಹಾಸಕಾರ ರೆಯ್ನಾಲ್ಡೊ ಇಲೆಟೊ 1979ರಲ್ಲಿ ತೋರಿಸಿಕೊಟ್ಟಂತೆ, ಬಡ ರೈತರು ಕ್ರಿಸ್ತನ ಯಾತನೆಯ ಕಥೆಯ ಮೂಲಕವೇ ತಮ್ಮ ಬಿಡುಗಡೆಯ ಕನಸನ್ನು ಅರ್ಥಮಾಡಿಕೊಂಡರು. ಶಾಲೆಯ ಬಾಗಿಲು ಮುಚ್ಚಿದ್ದ ಜನರಿಗೆ ನ್ಯಾಯದ ಭಾಷೆ ಸಿಕ್ಕಿದ್ದು ಪ್ರಾರ್ಥನೆಯಲ್ಲಿ. ಆ ಹಸಿವನ್ನು ಅರಿಯದೆ ಭಕ್ತಿಯನ್ನು ಹಳಿಯುವುದು ವಿವೇಚನೆಯಾಗದು.

ಅಪಾಯವಿರುವುದು ಹಸಿವಿನಲ್ಲಲ್ಲ, ಅದನ್ನು ಬಳಸಿಕೊಳ್ಳುವವರಲ್ಲಿ. 1914ರಲ್ಲಿ ಫೆಲಿಕ್ಸ್ ಮನಾಲೊ ನೋಂದಾಯಿಸಿದ ಇಗ್ಲೇಸಿಯಾ ನಿ ಕ್ರಿಸ್ತೋದಲ್ಲಿ ನಾಯಕತ್ವ ಸೂಚಿಸಿದ ಅಭ್ಯರ್ಥಿಗೇ ಸದಸ್ಯರೆಲ್ಲ ಮತ ಹಾಕುವ ಪದ್ಧತಿಯಿದೆ. ಆದ್ದರಿಂದಲೇ ಚುನಾವಣೆ ಬಂದಾಗ ಅಭ್ಯರ್ಥಿಗಳು ಅದರ ಬಾಗಿಲಲ್ಲಿ ಸಾಲುಗಟ್ಟುತ್ತಾರೆ. ಬಹುಸಂಖ್ಯಾತರ ಕ್ಯಾಥೊಲಿಕ್ ಚರ್ಚೂ ಇದಕ್ಕೆ ಹೊರತಲ್ಲ. ಎಲ್ಲ ಶಾಲಾ ಕಾಲೇಜುಗಳಲ್ಲಿ ರಿಸಾಲ್ ಕೃತಿಗಳನ್ನು ಬೋಧಿಸಬೇಕೆಂದು ಸೆನೆಟರ್ ಕ್ಲಾರೊ ರೆಕ್ತೊ ಮಸೂದೆ ತಂದಾಗ ಅದನ್ನು ಪ್ರಬಲವಾಗಿ ವಿರೋಧಿಸಿದ್ದು ಅದೇ ಚರ್ಚು. ಧಾರ್ಮಿಕ ಕಾರಣವಿದ್ದವರಿಗೆ ವಿನಾಯಿತಿ ಕೋರುವ ಅವಕಾಶ ಕೊಟ್ಟ ಮೇಲೆ 1956ರ ಜೂನ್ 12ರಂದು ಅದು ಕಾನೂನಾಯಿತು. ಅಂದಿನಿಂದ ವಿದ್ಯಾರ್ಥಿಗಳು ರಿಸಾಲ್ ಅವರನ್ನು ಓದುತ್ತಿದ್ದಾರೆ. ಹುಟ್ಟಿದ ದಿನ, ಸತ್ತ ದಿನ, ಪಾತ್ರಗಳ ಪಟ್ಟಿ ಇಷ್ಟನ್ನೇ ಉರುಹೊಡೆದರೆ, ಗಾಜಿನ ಕಪಾಟಿನಲ್ಲಿ ಭೌತಶಾಸ್ತ್ರದ ಉಪಕರಣಗಳ ಪಕ್ಕದಲ್ಲಿ ರಿಸಾಲ್ ಅವರನ್ನೂ ಇಟ್ಟು ಬೀಗ ಹಾಕಿದಂತೆಯೇ ಸರಿ.

ರಿಸಾಲ್ ಸಭೆ ಸೇರುವುದನ್ನು ವಿರೋಧಿಸಿದವರಲ್ಲ. ಸಂಘ ಕಟ್ಟಿದ್ದಕ್ಕಾಗಿಯೇ ಗಡೀಪಾರಾದವರು. ನಂಬುವುದನ್ನೂ ವಿರೋಧಿಸಲಿಲ್ಲ. ಸಭೆಗೆ ಬಂದವನು ತಾನೇಕೆ ಬಂದೆನೆಂದು ಬಲ್ಲವನಾಗಿರಬೇಕು, ಕೈಮುಗಿದವನು ತಲೆಯನ್ನು ಬೇರೆಯವರಿಗೆ ಒಪ್ಪಿಸಿರಬಾರದು ಎಂಬುದಷ್ಟೇ ಅವರ ಅಪೇಕ್ಷೆಯಾಗಿತ್ತು. ಮೈದಾನ ತುಂಬಿಸುವುದು ಫಿಲಿಪ್ಪೀನ್ಸ್‌ನ ನಾಯಕರಿಗೆ ಎಂದೂ ಕಷ್ಟವಾಗಿಲ್ಲ. ರಿಸಾಲ್ ಅವರ ಆ ಅಳತೆಗೋಲಿಗೆ ತಮ್ಮ ಸಭೆಯನ್ನು ಒಡ್ಡಲು ಎಷ್ಟು ಮಂದಿ ಸಿದ್ಧರಿದ್ದಾರೆ ಎಂಬುದೇ ಅಲ್ಲಿನ ಪ್ರಜಾಪ್ರಭುತ್ವದ ಮುಂದಿರುವ ಪ್ರಶ್ನೆ.